ಬೂದಿ ಹಾಕಿದ ಹೊಲ

ಮೊನ್ನೆ ದೇವರ ಜಗಲಿ ಒರೆಸುವಾಗ ವಿಭೂತಿ ಗಟ್ಟಿ ಕೈಗೆ ಬಂತು. ಅದರ ಒಂದು ಮೂಲೆಯೇ ಇರಲಿಲ್ಲ. ಮೂಲೆ ಇದ್ದ ಜಾಗದಲ್ಲಿ ಹಲ್ಲಿನ ಗುರುತು. ನಮ್ಮ ಯಜಮಾನರು ನೋಡಿದ್ದರೆ ಇಲಿಯನ್ನು ಬೈದು ಬೋನು ಹುಡುಕಲು ಹೊರಡುತ್ತಿದ್ದರು. ಗಂಡಸರಿಗೆ ಇಂಥದ್ದು ತಿಳಿಯುವುದಿಲ್ಲ. ವಿಭೂತಿಯನ್ನು ಹಣೆಗೆ ಹಚ್ಚಿಕೊಳ್ಳುವವರು ಎಷ್ಟಿದ್ದಾರೋ ಕದ್ದು ಕಡಿಯುವವರೂ ಅಷ್ಟೇ ಇದ್ದಾರೆ ಎಂಬುದು ಹೆಂಗಸರಿಗಷ್ಟೇ ಗೊತ್ತಿರುವ ಗುಟ್ಟು. ಬಸುರಿಯಿದ್ದ ಮನೆಯಲ್ಲಿ ವಿಭೂತಿ ಸವೆಯುವುದು ಭಕ್ತಿಯಿಂದಲ್ಲ.

ಆ ಹಲ್ಲು ನನ್ನ ಮಗಳು ಸವಿತಾಳದು, ಬಸುರಿಯಿದ್ದಾಗ ಹಾಕಿದ್ದು. ಗಟ್ಟಿಯನ್ನು ಕೈಯಲ್ಲಿ ಹಿಡಿದು ನಕ್ಕೆ. ನಗುತ್ತಿದ್ದಂತೆಯೇ ಹೆದರಿಕೆಯೂ ಆಯಿತು. ಯಾಕೆ ಅಂತ ಹೇಳುತ್ತೇನೆ. ಆದರೆ ನನ್ನ ಮಾತನ್ನು ಸ್ವಲ್ಪ ಕಳೆದು ಕೇಳಿ, ಯಾಕೆಂದರೆ ನಾನು ಹುಟ್ಟಾ ಅಂಜುಬುರುಕಿ.

ಕುಕ್ಕರ್ ಸೀಟಿ ಹೊಡೆಯುವ ಹೊತ್ತಿಗೆ ನಾನು ಹಿತ್ತಲಲ್ಲಿರುತ್ತೇನೆ. ಬಸ್ಸು ಸೇತುವೆಯ ಮೇಲೆ ಹೋಗುವಾಗ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಬಸ್ಸು ಬಿದ್ದರೆ ಸರಳೂ ಅದರ ಜತೆಗೇ ಬೀಳುತ್ತದೆ ಎಂಬ ಬುದ್ಧಿ ಆಗ ಇರುವುದಿಲ್ಲ. ಫೋನ್ ಎರಡು ಸಲ ಬಡಿದುಕೊಂಡರೆ ಯಾರೋ ಹೋದರು ಅಂತಲೇ ಎತ್ತುತ್ತೇನೆ. ನಮ್ಮ ಅತ್ತೆ ಬಂದವರ ಮುಂದೆಲ್ಲ, "ನಮ್ಮ ಸೊಸಿ ತನ್ನ ನೆರಳಿಗೂ ದಾರಿ ಬಿಟ್ಟು ನಡಿತಾಳ್ರೀ" ಅಂತ ಹೇಳಿ ನಗುತ್ತಾರೆ. ಸುಳ್ಳೇನಲ್ಲ.

ಇಂಥ ನನಗೆ ಒಂದು ವಸ್ತುವಿನ ಭಯ ಮಾತ್ರ ಎಂದೂ ಇರಲಿಲ್ಲ. ಅದು ಬೂದಿ.

ಇಂಡಿ ತಾಲೂಕಿನ ಹೊರ್ತಿ ನನ್ನ ತವರು. ಅಲ್ಲಿ ನಮ್ಮ ಬೆಳಗು ಶುರುವಾಗುತ್ತಿದ್ದುದೇ ಬೂದಿಯಿಂದ. ಅವ್ವ ಒಲೆಯ ಬೂದಿ ಗೋರಿ, ಹಳೆಯ ಸೀರೆಯ ತುಂಡಿನಲ್ಲಿ ಸೋಸಿ, ತೆಂಗಿನ ಚಿಪ್ಪಿನಲ್ಲಿಟ್ಟರೆ ಅದೇ ನಮ್ಮ ಹಲ್ಲುಪುಡಿ. ಉಳಿದದ್ದು ತಾಮ್ರದ ಕೊಡ ತಿಕ್ಕಲು. ಇನ್ನೂ ಉಳಿದದ್ದು ತೊಗರಿಯ ಗಡಿಗೆಗೆ, ಹುಳ ಬೀಳದಿರಲೆಂದು. ಬದನೆ ಗಿಡದ ಎಲೆಗೆ ಹುಳ ಹತ್ತಿದರೆ ಅವ್ವ ಮುಂಜಾನೆ ಇಬ್ಬನಿ ಆರುವ ಮೊದಲೇ ಹೋಗಿ, ಹಿಟ್ಟು ಉದುರಿಸಿದ ಹಾಗೆ ಬೂದಿ ಉದುರಿಸಿ ಬರುತ್ತಿದ್ದಳು. ಉಳ್ಳಾಗಡ್ಡಿ ಬೀಜ ಒಂದೇ ಕಡೆ ಬೀಳಬಾರದೆಂದು ಬೂದಿಯಲ್ಲಿ ಕಲಸಿ ಚೆಲ್ಲುತ್ತಿದ್ದಳು. ನಾನು ನಿದ್ದೆಯಲ್ಲಿ ಬೆಚ್ಚಿದರೆ ಹಣೆಗೆ ಹಚ್ಚುತ್ತಿದ್ದುದೂ ಅದನ್ನೇ. ಹೀಗಾಗಿ ಬೂದಿ ಎಂದರೆ ನನ್ನ ಪಾಲಿಗೆ ಹೆದರಿಕೆ ಹುಟ್ಟಿಸುವ ವಸ್ತುವಲ್ಲ, ಬಿಡಿಸುವ ವಸ್ತು. ಸಾಲಿಯಲ್ಲಿ ಗೆಳತಿಯರು ಬಳಪ ತಿನ್ನುತ್ತಿದ್ದರೆ ನಾನು ಪಾಟಿಚೀಲದಲ್ಲಿ ವಿಭೂತಿ ಚೂರು ಇಟ್ಟುಕೊಂಡು ಹೋಗುತ್ತಿದ್ದೆ. ಮಾಸ್ತರರು ಹಿಡಿದರೆ ದೇವರ ಹೆಸರು ಹೇಳಿ ಪಾರಾಗಬಹುದಿತ್ತು. ಬಳಪ ತಿಂದವರಿಗೆ ಆ ಅನುಕೂಲ ಇರಲಿಲ್ಲ.

ಮದುವೆಯಾಗಿ ಬಸವನ ಬಾಗೇವಾಡಿ ಕಡೆಯ ಈ ಹಳ್ಳಿಗೆ ಬಂದಾಗ ನಮ್ಮ ಮಾಳಿಗೆ ಹತ್ತಿ ನಿಂತರೆ ಕಾಣುತ್ತಿದ್ದುದು ಬರೀ ಕಪ್ಪು ಮಣ್ಣಿನ ಎರಿ ಹೊಲ, ನಡುನಡುವೆ ಬೇವಿನ ಮರ. ಈಗ ದೂರದಲ್ಲಿ ಚಿಮಣಿ ಕಾಣುತ್ತದೆ. ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಕಾರ್ಖಾನೆ. ಸುಟ್ಟ ಮೇಲೆ ಬೂದಿ ಉಳಿಯಲೇಬೇಕಲ್ಲ. ಉಳಿಯುತ್ತದೆ, ಗುಡ್ಡಗುಡ್ಡವಾಗಿ. ಸಿಮೆಂಟಿಗೆ ಒಯ್ಯುತ್ತಾರೆ, ಇಟ್ಟಂಗಿಗೆ ಒಯ್ಯುತ್ತಾರೆ, ರಸ್ತೆಗೆ ಹಾಕುತ್ತಾರೆ, ಆದರೂ ತೀರುವುದಿಲ್ಲ. ನಮ್ಮ ಅವ್ವ ಸೋಸಿದ ಬೂದಿಗಿಂತಲೂ ನಯ. ಕೈಯಲ್ಲಿ ಹಿಡಿದರೆ ಹಿಡಿದದ್ದೇ ಗೊತ್ತಾಗುವುದಿಲ್ಲ.

ಹೋದ ಬ್ಯಾಸಗಿಗೆ ಊರಿನಲ್ಲಿ ಒಂದು ಸಭೆ ಆಯಿತು. ಈ ಬೂದಿಯನ್ನು ಎರಿ ಹೊಲಕ್ಕೂ ಹಾಕಬಹುದು ಅಂತ ತಿಳಿಸಲು ಯಾರೋ ತಿಳಿದವರು ಬಂದಿದ್ದರು. ನಮ್ಮ ಎರಿಯ ಗುಣ ನಿಮಗೆ ಗೊತ್ತಲ್ಲ, ಮಳೆಗೆ ಅಂಟು, ಬಿಸಿಲಿಗೆ ಬಿರುಕು. ಒಂದೊಂದು ಬಿರುಕಿನಲ್ಲಿ ಕುಡುಗೋಲು ಬಿದ್ದರೆ ಮರಳಿ ಸಿಗುವುದಿಲ್ಲ. ಬೂದಿ ಬಿದ್ದರೆ ಮಣ್ಣು ಸಡಿಲಾಗುತ್ತದೆ, ನೀರು ಇಂಗುತ್ತದೆ, ಬೇರು ಇಳಿಯುತ್ತದೆ ಅಂತ ಅವರು ಹೇಳಿದರಂತೆ. ಮೊದಲು ಮಣ್ಣು ಪರೀಕ್ಷೆ ಮಾಡಿಸಿರಿ, ಬೂದಿಯದೂ ಮಾಡಿಸಿರಿ, ತಿಪ್ಪೆಗೊಬ್ಬರದ ಜತೆ ಅಳತೆಯಲ್ಲಿ ಹಾಕಿರಿ, ಅಳತೆ ಮೀರಬೇಡಿರಿ ಅಂತಲೂ ಹೇಳಿದರಂತೆ. ನಮ್ಮ ಯಜಮಾನರು ಇಡೀ ಸಭೆಯಿಂದ ಎರಡು ಮಾತು ಹೆಕ್ಕಿಕೊಂಡು ಬಂದರು. ಒಂದು, ಬೂದಿ ಚೊಲೋ. ಇನ್ನೊಂದು, ಬೂದಿ ಬಿಟ್ಟಿ.

ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎನ್ನುವ ಜಾತಿಯವರು ಅವರು. ಡಾಕ್ಟರು ಒಂದು ಗುಳಿಗೆ ಹೇಳಿದರೆ ಲಗೂ ಗುಣ ಆಗಲಿ ಅಂತ ಎರಡು ನುಂಗುತ್ತಾರೆ. ರಸ್ತೆಯ ಪಕ್ಕದ ಹೊಲಕ್ಕೆ ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್ ಬೂದಿ ಬಂತು. ಕಪ್ಪು ಹೊಲ ಬೆಳ್ಳಗೆ ಕಂಡಿತು. ಇಷ್ಟೊಂದು ಯಾಕೆ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು:

"ಬೂದಿ ಅಂದ್ರ ಬೂದಿ. ನಿಮ್ಮವ್ವ ಬದನಿ ಗಿಡಕ್ಕ ಹಾಕತಿದ್ದಿಲ್ಲೇನು? ಅದು ಸಣ್ಣ ಒಲಿ, ಇದು ದೊಡ್ಡ ಒಲಿ. ಅಷ್ಟ ಫರಕು."

ನನ್ನ ಅವ್ವನ ಹೆಸರು ತೆಗೆದ ಮೇಲೆ ನಾನೇನು ಮಾತಾಡಲಿ? ನನಗೂ ಹೌದೆನಿಸಿತು. ಬೂದಿಗೆ ಹೆದರಿ ಅಭ್ಯಾಸವೇ ಇರಲಿಲ್ಲ. ಒಲೆಯಲ್ಲಿ ಸುಡುವುದು ಜಾಲಿ, ಕುಳ್ಳು, ತೊಗರಿ ಕಟ್ಟಿಗೆ. ಅಲ್ಲಿ ಸುಡುವುದು ನೆಲದ ಹೊಟ್ಟೆಯಿಂದ ಅಗೆದ ಕಲ್ಲು ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಹೊಳೆದದ್ದು ಮುದ್ದೇಬಿಹಾಳದ ಬಸ್ಸಿನಲ್ಲಿ. ಒಂದು ಮದುವೆಗೆ ಹೊರಟಿದ್ದೆ. ಪಕ್ಕದಲ್ಲಿ ಕೃಷಿ ಓದುವ ಹುಡುಗಿಯೊಬ್ಬಳು ಕೂತಿದ್ದಳು. ಸೇತುವೆ ಬರುವ ಮೊದಲು ಮಾತು ಹಚ್ಚಿದರೆ ಭಯ ಕಡಿಮೆಯಾಗುತ್ತದೆ ಅಂತ ನಾನೇ ನಮ್ಮ ಹೊಲದ ಸುದ್ದಿ ತೆಗೆದೆ.

"ಒಳ್ಳೇದ ಐತ್ರಿ ಅಕ್ಕಾರ," ಎಂದಳು. "ಆದ್ರ ಅಳತಿ ಮೀರಬಾರದು ನೋಡ್ರಿ. ಕಲ್ಲಿದ್ದಲಿನಾಗ ಸೀಸ, ಪಾಷಾಣ ಇಂಥಾವೂ ಚೂರುಪಾರು ಇರ್ತಾವು. ಸುಟ್ಟ ಮ್ಯಾಲೆ ಬೂದ್ಯಾಗ ಉಳಿತಾವು. ಒಂದೊಂದು ಕಡೆ ಬೂದಿ ಒಂದೊಂದು ಥರ. ಪರೀಕ್ಷಾ ಮಾಡ್ಸಿದ್ರ ಅಂಜೂದೇನಿಲ್ಲ."

ಅವಳು ಮುದ್ದೇಬಿಹಾಳ ಬರುವ ತನಕ ಬೂದಿಯ ಒಳ್ಳೆಯ ಗುಣ ವಿವರಿಸಿದಳು. ನನಗೆ ಕೇಳಿಸಿದ್ದು ಪಾಷಾಣ ಒಂದೇ. ಯಜಮಾನರು ಸಭೆಯಿಂದ ಒಳ್ಳೆಯದಷ್ಟನ್ನು ಹೆಕ್ಕಿದ್ದರು, ನಾನು ಬಸ್ಸಿನಿಂದ ಕೆಟ್ಟದ್ದಷ್ಟನ್ನು ಹೆಕ್ಕಿದೆ. ಹಿಂಗಾಗಿಯೇ ನಮ್ಮ ಸಂಸಾರ ಇಷ್ಟು ವರ್ಷ ನಡೆದಿದೆ ಅಂತ ಕಾಣುತ್ತದೆ. ಮನೆಗೆ ಬಂದು ಹೇಳಿದರೆ ಅವರು ನಕ್ಕರು. ಆ ಹೊತ್ತಿಗೆ ಜೋಳ ಬಿತ್ತಿ ಆಗಿತ್ತು, ಹಸಿರು ಮೂಡಿತ್ತು.

ಸವಿತಾಳ ಗಂಡ ಸಿಂದಗಿಯಲ್ಲಿ ಮಾಸ್ತರ. ಬಸುರಿಗೆ ಮಾಡುವ ಕುಬಸದ ಕಾರ್ಯ ಮುಗಿಸಿ ಚೊಚ್ಚಲ ಹೆರಿಗೆಗೆ ಅವಳನ್ನು ಕರೆತಂದೆವು. ಈ ಮಗಳು ನನ್ನ ಹೊಟ್ಟೆಯಲ್ಲಿ ಹೇಗೆ ಹುಟ್ಟಿದಳೋ ನನಗೇ ಗೊತ್ತಿಲ್ಲ. ಚಿಕ್ಕವಳಿದ್ದಾಗ ಚೇಳನ್ನು ಇಕ್ಕಳದಲ್ಲಿ ಹಿಡಿದು ತಂದು ನನಗೇ ತೋರಿಸಿದವಳು. ನಾನು ಜಗಲಿ ಹತ್ತಿ ನಿಂತು ಕೂಗಿದರೆ, "ಅವ್ವಾ, ಅದಕ್ಕೂ ನಿನ್ನ ಕಂಡ್ರ ಅಂಜಿಕಿ ಬಂದೈತಿ, ಸುಮ್ನಾಗು" ಎಂದವಳು. ಬಸುರಿಯಾದರೂ ಅದೇ ಗುಣ. ಹೊಟ್ಟೆ ಹೊತ್ತುಕೊಂಡು ಮಾಳಿಗೆಯ ನಿಚ್ಚಣಿಕೆ ಹತ್ತುತ್ತಿದ್ದಳು. ಕೆಳಗೆ ನಿಂತು ನಾನು ಉಸಿರು ಹಿಡಿಯುತ್ತಿದ್ದೆ.

ಎಳ್ಳ ಅಮಾಸಿ ಬಂತು. ನಮ್ಮಲ್ಲಿ ಅವತ್ತು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಜೋಳ ಹೊಟ್ಟೆ ಹಿಡಿದು ತೆನೆ ಹಾಯುವ ಕಾಲ ಅದು. ಭೂಮಿತಾಯಿ ತುಂಬು ಬಸುರಿ ಅಂತ ಲೆಕ್ಕ. ಅವಳಿಗೆ ಬಯಕೆ ಊಟ ಒಯ್ಯಬೇಕು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಎಣ್ಣಿಗಾಯಿ, ಭಜ್ಜಿಪಲ್ಯ ಬುಟ್ಟಿಯಲ್ಲಿ ತುಂಬಿ, ಎಲ್ಲರೂ ಹೊಲಕ್ಕೆ ಹೋಗಿ, ಬೆಳೆಯ ಸುತ್ತ ಆ ಅಡುಗೆಯದೇ ಚರಗ ಚೆಲ್ಲಿ, ಅವಳು ಉಂಡ ಮೇಲೆ ನಾವು ಉಣ್ಣಬೇಕು. ರಸ್ತೆ ಪಕ್ಕದ ಹೊಲ ಆ ವರ್ಷ ಕಣ್ಣು ತಾಗುವ ಹಾಗಿತ್ತು. ಆಳೆತ್ತರದ ಜೋಳ, ಬೆರಳು ಗಾತ್ರದ ದಂಟು. ಅತ್ತೆ ಹೊಲವನ್ನೂ ಮೊಮ್ಮಗಳನ್ನೂ ಒಟ್ಟಿಗೇ ನೋಡಿ, "ಇಬ್ಬರೂ ಬಸುರ್ಯಾರು, ಇಬ್ಬರಿಗೂ ದೃಷ್ಟಿ ತಗೀರಿ" ಎಂದರು.

ಯಜಮಾನರು ಚರಗ ಚೆಲ್ಲುತ್ತ ಜೋಳದೊಳಗೆ ಹೋದರು. ಉಣ್ಣಲು ಎಡೆ ಮಾಡಿ ಸವಿತಾಳನ್ನು ಕರೆದರೆ ಉತ್ತರವಿಲ್ಲ. ನೋಡಿದರೆ ಬದುವಿನ ಮೇಲೆ ಕೂತಿದ್ದಾಳೆ. ಹೊಲದ ಮಣ್ಣಿನ ಒಂದು ಹೆಂಟಿ ಮುರಿದು, ಊದಿ, ಹುರಿದ ಪುಟಾಣಿ ಹಾಕಿಕೊಂಡ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದಾಳೆ.

"ಏನ ತಿನ್ನಾಕತ್ತೀ?"

"ಏನಿಲ್ಲ."

"ಬಾಯಿ ತಗಿ."

ನಕ್ಕು ಬಾಯಿ ತೆಗೆದಳು. ನಾಲಿಗೆ ಕಪ್ಪಗಿತ್ತು. "ಮೊದಲ ಮಳಿ ವಾಸನಿ ಬರ್ತೈತಿ ಅವ್ವಾ. ಸಿಂದಗ್ಯಾಗೂ ತಿಂದು ನೋಡೇನಿ. ನಮ್ಮ ಹೊಲದ ರುಚಿ ಅದಕ್ಕಿಲ್ಲ."

"ಎಂದಿನಿಂದ ನಡದೈತಿ ಇದು?"

"ಬಂದಾಗಿಂದ. ಅಪ್ಪ ದಿನಾ ಹೊಲದಿಂದ ಬರೂವಾಗ ಟವಲಿನಾಗ ಎರಡು ಹೆಂಟಿ ಕಟಗೊಂಡು ಬಂದು ಕೊಡ್ತಾನ. ನಿನಗ ಹೇಳಬ್ಯಾಡ ಅಂದಾನ, ಅಂಜತಿ ಅಂತ."

ಜೀವಮಾನವಿಡೀ ಸುಳ್ಳು ಹೆದರಿಕೆಗಳಲ್ಲಿ ತಾಲೀಮು ಮಾಡಿದ್ದವಳಿಗೆ ನಿಜವಾದ ಹೆದರಿಕೆ ಬಂದಾಗ ಕೂಗುವುದಕ್ಕೂ ಬರಲಿಲ್ಲ. ನಾನು ಕೂಡ ಮಣ್ಣು ತಿಂದೇ ಇವಳನ್ನು ಹೆತ್ತವಳು. ಮಣ್ಣಿನ ಬಯಕೆ ನನಗೆ ಹೊಸದಲ್ಲ. ಆದರೆ ಇದು ಆ ಮಣ್ಣಲ್ಲ. ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್ ಬೂದಿ ನುಂಗಿದ ಮಣ್ಣು. ಅದನ್ನು ನನ್ನ ಮಗಳು ದಿನಾ ತಿಂದಿದ್ದಾಳೆ. ಅವಳ ಹೊಟ್ಟೆಯಲ್ಲಿನ ಕೂಸೂ ತಿಂದಿದೆ.

ಅತ್ತೆಗೆ ಹೇಳಿದೆ. ಅವರು ಹೋಳಿಗೆ ಮುರಿಯುತ್ತ, "ಮಣ್ಣು ತಿನ್ನದ ಬಸುರಿ ಯಾರದಾಳ? ನಾನೂ ತಿಂದೇನಿ. ಇವ ಹುಟ್ಟಿಲ್ಲೇನು?" ಅಂತ ಮಗನ ಕಡೆ ಕೈ ಮಾಡಿದರು. ಟವಲು ತಲೆಗೆ ಸುತ್ತಿಕೊಂಡು ಬರುತ್ತಿದ್ದ ಆ ಪುರಾವೆಯನ್ನು ನೋಡಿ ನನ್ನ ಹೆದರಿಕೆ ಹೆಚ್ಚಾಯಿತೇ ವಿನಾ ಕಡಿಮೆಯಾಗಲಿಲ್ಲ.

ಮರುದಿನ ಬಾಗೇವಾಡಿಯ ಲೇಡಿ ಡಾಕ್ಟರ ಹತ್ತಿರ ಹೋದೆವು. ಸಣ್ಣ ವಯಸ್ಸಿನವರು, ತಾಳ್ಮೆಯವರು. ಮಣ್ಣು ತಿನ್ನುತ್ತಾಳೆ ಎಂದ ಕೂಡಲೇ, "ಮೈಯಾಗ ರಕ್ತ ಕಡಿಮಿ ಇದ್ರ ಹಂಗ ಆಗ್ತೈತಿ" ಅಂತ ಕಣ್ಣಿನ ರೆಪ್ಪೆ ಎಳೆದು ನೋಡಿದರು. "ಎಲ್ಲಿ ಮಣ್ಣು?" ಎಂದರು.

"ನಮ್ಮ ಹೊಲದ್ದರಿ. ಚೊಲೋ ಮಣ್ಣು," ಎಂದರು ಯಜಮಾನರು, ಮಾರುವವರ ಹಾಗೆ.

"ಬೂದಿ ಹಾಕಿದ ಮಣ್ಣರೀ," ಎಂದೆ ನಾನು. ಎಂದವಳೇ ಅತ್ತುಬಿಟ್ಟೆ.

ಡಾಕ್ಟರು ನಗಲಿಲ್ಲ. ಅವರು ನಕ್ಕಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಪೆನ್ನು ಕೆಳಗಿಟ್ಟು, ಎಷ್ಟು ಬೂದಿ, ಎಂದು ಹಾಕಿದ್ದು, ಎಷ್ಟು ದಿನದಿಂದ ತಿನ್ನುತ್ತಿದ್ದಾಳೆ ಅಂತ ಒಂದೊಂದೇ ಕೇಳಿದರು. ಸೀಸದ ಪರೀಕ್ಷೆ ಇಲ್ಲಿ ಆಗುವುದಿಲ್ಲ, ರಕ್ತವನ್ನು ಹೊರಗೆ ಕಳಿಸಬೇಕು ಎಂದರು. ಕಬ್ಬಿಣದ ಗುಳಿಗೆ ಬರೆದುಕೊಟ್ಟರು. "ಫಲಿತಾಂಶ ಬರೂತನ ಆ ಮಣ್ಣು ಬಾಯಿಗೆ ಹಾಕಬ್ಯಾಡ್ರಿ. ಬಂದ ಮ್ಯಾಲೂ ಹಾಕಬ್ಯಾಡ್ರಿ."

ತಿರುಗಿ ಬರುವಾಗ ಸವಿತಾ ಕಬ್ಬಿನ ಹಾಲು ಕುಡಿಯೋಣ ಎಂದಳು. ಅವಳಿಗೆ ಏನೂ ಆಗಿಯೇ ಇರಲಿಲ್ಲ. ಯಜಮಾನರು ಮಾತ್ರ ಮನೆಗೆ ಬಂದು ಅಂಗಳದಲ್ಲಿ ಕೂತು, ನೆಲ ನೋಡುತ್ತ, "ಸಭಾದಾಗ ಹೇಳಿದ್ದಕ್ಕಿಂತ ಭಾಳ ಹಾಕೇನಿ" ಎಂದರು. ಮತ್ತೆ, "ಹಾಕಿದ್ದು ತಗಿಯೂದು ಹೆಂಗ?" ಎಂದರು. ಸಾರಿಗೆ ಉಪ್ಪು ಹೆಚ್ಚಾದರೆ ನಾನು ಬಟಾಟಿ ಹಾಕುತ್ತೇನೆ. ಹೊಲಕ್ಕೆ ಏನು ಹಾಕಲಿ? ಅವರು ಹೆದರಿದ್ದನ್ನು ಅಂದೇ ಮೊದಲ ಸಲ ನೋಡಿದ್ದು. ಇಷ್ಟು ವರ್ಷ ಅವರು ನನ್ನ ಹೆದರಿಕೆಗೆ ನಗುತ್ತಿದ್ದುದೇ ನನಗೆ ಆಸರೆಯಾಗಿತ್ತು ಅಂತ ಆಗ ತಿಳಿಯಿತು. ಅವರೂ ಹೆದರಿದ ಮೇಲೆ ನನಗೆ ಒರಗಲು ಏನೂ ಉಳಿಯಲಿಲ್ಲ.

ಫಲಿತಾಂಶಕ್ಕೆ ಕಾಯುವ ಆ ದಿನಗಳಲ್ಲಿ ನಾನು ಮನುಷ್ಯಳಾಗಿರಲಿಲ್ಲ. ಸವಿತಾ ತಲೆನೋವು ಎಂದರೆ ಸೀಸ. ವಾಂತಿ ಎಂದರೆ ಪಾಷಾಣ. ಸುಮ್ಮನಿದ್ದರೆ ಅದು ಇನ್ನೂ ಕೆಟ್ಟದ್ದು. ಹೊತ್ತು ಹೊತ್ತಿಗೆ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಒದೆಯುವುದನ್ನು ಕಾಯುತ್ತಿದ್ದೆ. "ಅವ್ವಾ, ಒಳಗಿನವರಿಗೂ ಸ್ವಲ್ಪ ಮಲಗಾಕ ಬಿಡು" ಅಂತ ಅವಳು ಕೈ ಸರಿಸುತ್ತಿದ್ದಳು. ಹೊಲದ ಹೆಂಟಿ ನಿಂತ ಮೇಲೆ ಬಯಕೆ ತಡೆಯದೆ ಜಗಲಿಯ ವಿಭೂತಿಗೆ ಹಲ್ಲು ಹಾಕಿದ್ದು ಆಗಲೇ. ನೋಡಿಯೂ ನೋಡದ ಹಾಗೆ ಇದ್ದೆ. ಆಮೇಲೆ ಆ ವಿಭೂತಿ ಯಾವ ಬೂದಿಯದೋ ಅಂತ ಅದನ್ನು ತಂದ ಅಂಗಡಿಗೇ ಹೋಗಿ ವಿಚಾರಿಸಿ ಬಂದೆ. ಅಂಗಡಿಯವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಕಡೆಗೆ ಡಾಕ್ಟರ ಫೋನು ಬಂತು. "ಹೆದರುವಷ್ಟಿಲ್ರಿ," ಎಂದರು.

"ಹೆದರುವಷ್ಟಿಲ್ಲ ಅಂದ್ರ ಎಷ್ಟರೀ?"

"ಚೂರು ಇರ್ತೈತ್ರಿ, ಎಲ್ಲಾರ ಮೈಯಾಗೂ. ಆರಾಮ ಇರ್ರಿ."

ಎಲ್ಲರ ಮೈಯಲ್ಲೂ ಇರುತ್ತದೆ ಎಂದು ಸಮಾಧಾನಕ್ಕೆ ಹೇಳಿದರು. ನಾನು ಸಮಾಧಾನವನ್ನೂ ಪಡೆದೆ, ಎಲ್ಲರ ಚಿಂತೆಯನ್ನೂ ಹಚ್ಚಿಕೊಂಡೆ.

ಜೋಳದ ರಾಶಿಯ ಹೊತ್ತಿಗೇ ಕೂಸು ಹುಟ್ಟಿತು. ಹೆಣ್ಣು. ನರ್ಸ್ ಕೈಗೆ ಕೊಟ್ಟ ಕೂಡಲೇ ಬೆರಳು ಎಣಿಸಿದೆ, ಮತ್ತೆ ಎಣಿಸಿದೆ. ಕಣ್ಣಿನ ಮುಂದೆ ಕೈಯಾಡಿಸಿದೆ, ಕಿವಿಯ ಹತ್ತಿರ ಚಿಟಿಕೆ ಹೊಡೆದೆ. ಅದು ಊರು ಹಾರಿ ಹೋಗುವ ಹಾಗೆ ಅತ್ತಿತು. ನಾನೂ ಅತ್ತೆ. ಅಷ್ಟು ಹಗುರಾಗಿ ನಾನು ಹಿಂದೆಂದೂ ಅತ್ತಿರಲಿಲ್ಲ.

ಅತ್ತ ಕಣದಲ್ಲಿ ಯಜಮಾನರು ಮತ್ತೆ ಗಂಡಸಾಗಿದ್ದರು. ಬೂದಿ ಹೊಲದ ಜೋಳ ಮುತ್ತಿನ ಹಾಗೆ ಬಂದಿತ್ತು. ಊರವರು ಬಂದು ಬೊಗಸೆಯಲ್ಲಿ ತುಂಬಿ ನೋಡಿದರು, ಹಲ್ಲಿನಲ್ಲಿ ಕಡಿದು ನೋಡಿದರು. ಮುಂದಿನ ವರ್ಷಕ್ಕೆ ನಮಗೂ ಬೂದಿ ಬೇಕು ಎಂದರು. ಅಳತೆ ನೋಡಿ ಹಾಕಿರಿ ಅಂತ ಯಜಮಾನರು ಈಗ ಎಲ್ಲರಿಗೂ ಹೇಳುತ್ತಿದ್ದರು. ಊರವರು ಕೇಳಿದ ಹಾಗೆ ಕಾಣಲಿಲ್ಲ, ಕಾಳನ್ನೇ ನೋಡುತ್ತಿದ್ದರು. ಆ ಹೊಲದ ಚೀಲಗಳು ಮನೆಗೆ ಬಂದು ಪಡಸಾಲೆ ತುಂಬಿದವು. ಹಳೆಯ ಜೋಳ ತಳ ಕಂಡಿತ್ತು.

ಆಗ ನನಗೆ ತಟ್ಟನೆ ಹೊಳೆಯಿತು. ಹೆಂಟಿಯನ್ನು ಬಿಡಿಸಿದೆವು. ರೊಟ್ಟಿಯನ್ನು?

"ಮಣ್ಣಿನಾಗಿದ್ದದ್ದು ಕಾಳಿನಾಗ ಬರೂದಿಲ್ಲೇನ್ರಿ?" ಅಂತ ಕೇಳಿದೆ.

"ಯಾರಿಗೊತ್ತು? ಕಾಳು ಯಾರು ಪರೀಕ್ಷಾ ಮಾಡ್ಸ್ಯಾರ?" ಎಂದರು.

ಬಾಣಂತಿಗೆ ಬಿಸಿ ರೊಟ್ಟಿ, ಬೆಳ್ಳುಳ್ಳಿ ಖಾರ, ತುಪ್ಪ ಹಾಕದೆ ಹಾಲು ಹೇಗೆ ಬರಬೇಕು? ಮನೆ ತುಂಬ ಜೋಳವಿಟ್ಟುಕೊಂಡು ದೇವರ ಹಿಪ್ಪರಗಿ ಸಂತೆಗೆ ಜೋಳ ತರಲು ಹೋದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಮನೆಯಲ್ಲಿ ಬಳೆ ತರುತ್ತೇನೆ ಅಂತ ಹೇಳಿದ್ದೆ. ಸಂತೆಯಲ್ಲಿ ಚೀಲ ತೆರೆದು ಕೂತಿದ್ದ ಒಬ್ಬ ಮುದುಕಿಯ ಮುಂದೆ ಕೂತು, ಕಾಳನ್ನು ಬೆರಳಲ್ಲಿ ಆಡಿಸುತ್ತ, "ಯಮ್ಮಾ, ನಿಮ್ಮ ಹೊಲಕ್ಕೇನು ಹಾಕೀರಿ?" ಅಂತ ಮೆಲ್ಲಗೆ ಕೇಳಿದೆ.

ಅವಳ ಮುಖ ಅರಳಿತು. "ಬೂದಿ ಹಾಕೇವಿ ನೋಡವ್ವಾ. ಕಾರಖಾನಿ ಬೂದಿ. ಅದಕ್ಕ ಕಾಳು ಹಿಂಗ ದುಂಡಗ ಆಗ್ಯಾವ. ತಗೋ, ಬಾಯಾಗ ಹಾಕಿ ನೋಡು."

ಅವಳ ಪಕ್ಕದವನನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಬರಿಗೈಯಲ್ಲಿ ಬಂದೆ. ಬಳೆಯನ್ನೂ ತರಲಿಲ್ಲ.

ಅಂದು ಸಂಜೆ ಒಲೆ ಹೊತ್ತಿಸಿದೆ. ಸವಿತಾ ಕೂಸಿಗೆ ಮೊಲೆ ಕೊಡುತ್ತ ಗೋಡೆಗೆ ಒರಗಿ ಕೂತಿದ್ದಳು. ಹೆತ್ತ ಮೇಲೆ ಅವಳಲ್ಲಿ ಏನೋ ಬದಲಾಗಿತ್ತು. ಕೂಸಿಗೆ ಎರೆಯುವ ನೀರನ್ನು ಮೊಣಕೈಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಕೂಸು ಹೆಚ್ಚು ಹೊತ್ತು ಮಲಗಿದರೆ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ನಾನು ಗಮನಿಸಿದ್ದೆ, ಗಮನಿಸಿ ಒಳಗೊಳಗೇ ಸಂತೋಷವನ್ನೂ ಪಟ್ಟಿದ್ದೆ. ಈ ಮನೆಯಲ್ಲಿ ಹೆದರುವುದಕ್ಕೆ ನನಗೊಬ್ಬಳು ಜೊತೆಗಾತಿ ಸಿಕ್ಕಳು ಅಂತ.

ರೊಟ್ಟಿಗೆ ತುಪ್ಪ ಸವರಿ ತಾಟು ಅವಳ ಮುಂದಿಟ್ಟೆ. ತುತ್ತು ಮುರಿದಳು. ಬಾಯಿಗೆ ಒಯ್ಯಲಿಲ್ಲ. ಕೂಸನ್ನು ನೋಡಿದಳು, ತುತ್ತನ್ನು ನೋಡಿದಳು.

"ಅವ್ವಾ, ಈ ಜೋಳ ಯಾವ ಹೊಲದ್ದು?"

ಚೇಳು ಹಿಡಿದ ಹುಡುಗಿಯ ದನಿ ಅಲ್ಲ ಅದು. ನನ್ನದೇ ದನಿ. ಅದು ಅವಳ ಬಾಯಲ್ಲಿ ಬಂದದ್ದು ಕೇಳಿ ನನಗೆ ತಡೆಯಲಾಗಲಿಲ್ಲ. ಅವಳು ಮೊದಲಿನ ಹಾಗೆ ನನ್ನನ್ನು ನೋಡಿ ನಗಲಿ, ನನ್ನ ಹೆದರಿಕೆ ನನ್ನೊಬ್ಬಳಿಗೇ ಇರಲಿ ಅನ್ನಿಸಿತು.

"ಸಂತೀದು," ಎಂದೆ. "ಇವತ್ತ ತಂದೇನಿ. ಉಣ್ಣು."

ಅವಳ ಮುಖ ಸಡಿಲಾಯಿತು. ತುತ್ತು ಬಾಯಿಗಿಟ್ಟಳು. ಹಸಿದಿದ್ದಳು, ಲಗುಲಗು ಉಂಡಳು. ಕೂಸು ಸೆರಗಿನೊಳಗೆ ಗಟಗಟ ಹಾಲು ಕುಡಿಯುತ್ತಿತ್ತು. "ಇನ್ನೊಂದು ಹಾಕವ್ವಾ" ಎಂದಳು. ನಾನು ಪಡಸಾಲೆಯ ಜೋಳದ ಹಿಟ್ಟಿಗೆ ನೀರು ಹಾಕಿ ಇನ್ನೊಂದು ರೊಟ್ಟಿ ತಟ್ಟಿದೆ.